ಗೆರೆಯ ಕೆಳಗಿನ ಬೇರು

"ಅಯ್ಯಯ್ಯೋ! ಬೇರು ಸಮೇತ ಕಿತ್ತುಬಿಟ್ಯಾ?"

ಅಜ್ಜಿಯ ಕೂಗಿಗೆ, ಸಿಟಿಯಿಂದ ಹಳ್ಳಿಗೆ ಅವಳ ಜೊತೆ ಇರಲು ಬಂದಿದ್ದ ಯಾಲಿನ್ ಬೆಚ್ಚಿಬಿದ್ದಳು. ಅವಳ ಕೈಯಲ್ಲಿ ಹುಲ್ಲಿನಂಥ ಎಲೆಯ, ಬೆಳ್ಳುಳ್ಳಿ ಘಮದ ಒಂದು ಹಿಡಿ ಜಿಯು ಸೊಪ್ಪು. ಮಣ್ಣು ಮೆತ್ತಿದ ಬಿಳಿ ಬೇರುಗಳು ಜೋಲಾಡುತ್ತಿದ್ದವು. ಸೊಪ್ಪಿನ ಮಡಿ ಅರ್ಧ ಬೋಳಾಗಿತ್ತು.

"ಕಡುಬಿಗೆ ಸೊಪ್ಪು ತಾ ಅಂದ್ಯಲ್ಲ ಅಜ್ಜಿ. ಜಿನಾನ್ ಸಿಟಿಲಿ ಪಾಲಕ್‌ನ ಬೇರಿನ ಜೊತೇಲೇ ಮಾರ್ತಾರೆ..."

"ಇದು ಪಾಲಕ್ ಅಲ್ವೇ ತಾಯಿ! ಇದನ್ನ ಕೊಯ್ಯೋದು, ಕೀಳೋದಲ್ಲ. ಬೇರು ಮಣ್ಣಲ್ಲಿದ್ರೆ ಮತ್ತೆ ಮತ್ತೆ ಚಿಗುರತ್ತೆ. ನಾನು ಮದುವೆಯಾಗಿ ಬರೋವಾಗ ನಮ್ಮಮ್ಮ ಕಟ್ಟಿಕೊಟ್ಟ ಬೇರು ಕಣೇ ಇದು."

ಯಾಲಿನ್ ಕಣ್ಣೊರೆಸಿಕೊಂಡಳು. "ಸತ್ತೋಗತ್ತಾ ಅಜ್ಜಿ?"

"ಅಳ್ತಾ ನಿಂತ್ರೆ ಖಂಡಿತಾ ಸಾಯತ್ತೆ. ಗುದ್ದಲಿ ತಾ."

ಇಬ್ಬರೂ ಸೇರಿ ಎಲೆ ಕತ್ತರಿಸಿ, ಬೇರುಗಳನ್ನು ಮತ್ತೆ ನೆಟ್ಟು ನೀರು ಹಾಕಿದರು. ಯಾರೂ ತುಳಿಯದಿರಲಿ ಎಂದು ಯಾಲಿನ್ ಒಂದು ಹಲಗೆ ಚೂರಿನ ಮೇಲೆ ಇದ್ದಿಲಿನಿಂದ ಸೊಪ್ಪಿನ ಹೆಸರು ಬರೆದಳು: 韭. ಎರಡು ನೆಟ್ಟನೆಯ ಗೆರೆ, ಅವುಗಳ ಆಚೀಚೆ ಮೂರು ಮೂರು ಪುಟ್ಟ ಗೆರೆ, ಕೊನೆಗೆ ಕೆಳಗೊಂದು ಅಡ್ಡಗೆರೆ. ಸ್ಕೂಲಲ್ಲಿ ತಿದ್ದಿ ತಿದ್ದಿ ಬೇಜಾರಾಗಿದ್ದ ಅಕ್ಷರ.

ಹಲಗೆಯನ್ನು ಊರಿ, ಕುಕ್ಕರಗಾಲಲ್ಲಿ ಕೂತು ನೋಡಿದಳು. ಅದರ ಹಿಂದೆ, ಕೀಳದೆ ಉಳಿದ ಸೊಪ್ಪು ನೆಟ್ಟಗೆ ನಿಂತಿತ್ತು. ಅಕ್ಷರ ನೋಡಿದಳು, ಸೊಪ್ಪು ನೋಡಿದಳು.

"ಅಜ್ಜೀ, ಬೇಗ ಬಾ! ನಮ್ಮ ಚೀನೀ ಅಕ್ಷರ ಎಷ್ಟೋ ಚಿತ್ರದಿಂದಾನೇ ಬಂದ್ವು ಅಂತ ಟೀಚರ್ ಹೇಳಿದ್ರು. ಇದೂ ಚಿತ್ರಾನೇ! ಮೇಲಿರೋದೆಲ್ಲ ಎಲೆ. ಕೆಳಗಿನ ಗೆರೆ ನೆಲ!"

ಅಜ್ಜಿ ಬಗ್ಗಿ ನೋಡಿ ನಕ್ಕಳು. "ಹೌದಲ್ವೇ! ಇಷ್ಟು ವರ್ಷ ಕಡುಬು ತಿಂದೆ, ನಂಗೆ ಕಾಣಲೇ ಇಲ್ಲ ನೋಡು. ಇದನ್ನ ಮೊದಲು ಬರೆದೋರು ಹೀಗೇ ಮಡಿ ಮುಂದೆ ಕೂತೋರೇ ಇರ್ಬೇಕು."

ಸಾವಿರಾರು ವರ್ಷಗಳ ಹಿಂದೆ ಯಾರೋ ಒಂದು ಸೊಪ್ಪನ್ನು ಇಷ್ಟು ಚೆನ್ನಾಗಿ ನೋಡಿದ್ದರು! ಎಲೆ ಬರೆದು ಸುಮ್ಮನಾಗಿರಲಿಲ್ಲ, ನೆಲವನ್ನೂ ಬರೆದಿದ್ದರು. ಹೆಸರೇ ಗೊತ್ತಿಲ್ಲದ ಅವರ ಮೇಲೆ ಯಾಲಿನ್‌ಗೆ ತುಂಬಾ ಪ್ರೀತಿ ಬಂತು.

ಆಮೇಲೆ ದಿನಾ ಬೆಳಗ್ಗೆ ಎದ್ದು, ಮತ್ತೆ ನೆಟ್ಟ ಜಾಗ ನೋಡಲು ಮಡಿಗೆ ಓಡಿದಳು. ಬರೀ ಮಣ್ಣು. ಮತ್ತೂ ಬರೀ ಮಣ್ಣು. ಒಂದು ದಿನ ಮಾತ್ರ ಅಲ್ಲಿ ಸೂಜಿಮೊನೆಯಷ್ಟು ಹಸಿರು ಕಂಡಿತು. ಯಾಲಿನ್ ಕಿರುಚಿದ್ದಕ್ಕೆ ಅಜ್ಜಿ ಬರಿಗಾಲಲ್ಲೇ ಓಡಿಬಂದಳು.

ಬೇಸಿಗೆಯ ಹೊತ್ತಿಗೆ ಸೊಪ್ಪು ಗೇಣುದ್ದ ಬೆಳೆಯಿತು. ಅಜ್ಜಿ ಅವಳ ಕೈಗೆ ಕುಡುಗೋಲು ಕೊಟ್ಟಳು.

ಯಾಲಿನ್ ಉಸಿರು ಬಿಗಿಹಿಡಿದು, ನೆಲಕ್ಕೆ ತಾಗಿಯೂ ತಾಗದಂತೆ ಕೊಯ್ದಳು. ಎಲೆಗಳು ಕೈಗೆ ಬಂದವು. ಗೆರೆಯ ಕೆಳಗಿದ್ದದ್ದು ಅಲ್ಲೇ ಉಳಿಯಿತು.