ಕಿತ್ತಳೆ ತೋಟದ ಹೊಸ ಬೋರ್ಡು

ಬೆಳಿಗ್ಗೆ ಮಾಲಿ ಶೆಡ್ಡಿನ ಬಾಗಿಲು ತೆರೆದ. ಹಣ್ಣು ವಿಂಗಡಿಸುವ ಹಳೆಯ ಯಂತ್ರದ ಪಕ್ಕದಲ್ಲಿ ಮೇಷ್ಟ್ರು ಬೋರಲು ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಕಾಲ ಬಳಿ ಪೆಟ್ಟಿಗೆಗೆ ಮೊಳೆ ಬಡಿಯುವ ಸುತ್ತಿಗೆ.

ಮೂರು ತಲೆಮಾರು ಒಂದೇ ಮನೆತನದ ಕೈಯಲ್ಲಿದ್ದ ಕಿತ್ತಳೆ ತೋಟ ಈಗ ಸಾರ್ವಜನಿಕ ಪಾರ್ಕು. ಮನೆ, ಶೆಡ್ಡು ಎರಡೂ ಮ್ಯೂಸಿಯಂ. ನಿವೃತ್ತ ಮೇಷ್ಟ್ರು ಅದರ ಇತಿಹಾಸ ಬರೆಯುತ್ತಿದ್ದರು. ಮನೆತನದಲ್ಲಿ ಉಳಿದವರು ಅಣ್ಣ, ತಂಗಿ ಇಬ್ಬರೇ. ಹಾವು ಮುಂಗುಸಿಯ ಹಾಗೆ.

ಇನ್‌ಸ್ಪೆಕ್ಟರಮ್ಮ ಮೂಲೆಯಲ್ಲಿದ್ದ ಕಂದು ಕಾಗದ, ಬಿಚ್ಚಿದ ಹುರಿ ಎತ್ತಿಕೊಂಡರು.

"ಇದೇನು?"

"ತೋಟದ ಕಥೆ ಬರೆದ ಹೊಸ ಬೋರ್ಡು ಸುತ್ತಿದ್ದ ಕಾಗದ ಮೇಡಂ," ಎಂದ ಮಾಲಿ. "ನಿನ್ನೆ ಪಾರ್ಕು ಮುಚ್ಚಿದ ಮೇಲೆ ಬಂತು. ಇವತ್ತು ಹಾಕ್ಬೇಕಿತ್ತು."

ಬೋರ್ಡು ಮಾತ್ರ ಎಲ್ಲೂ ಇರಲಿಲ್ಲ.

*

ಅಣ್ಣನ ಮುಂಗೈ ತುಂಬ ಗೀರುಗಳು.

"ಕೊಂಬೆ ಸವರೋವಾಗ ಮುಳ್ಳು ಗೀರಿತು," ಎಂದ. ಒಂದು ಗೀರಿನಲ್ಲಿ ಮುರಿದ ಮುಳ್ಳು ಇನ್ನೂ ಕಾಣುತ್ತಿತ್ತು.

"ಮೊನ್ನೆ ಮೇಷ್ಟ್ರ ಮೇಲೆ ಕೂಗಾಡಿದ್ರಂತೆ?"

"ಹೌದು. ಬೋರ್ಡು ಹಾಕೋಕೆ ಇಷ್ಟೇಕೆ ಮೀನಮೇಷ ಅಂತ. ನಮ್ಮಜ್ಜಿಯ ಹಳೇ ಪತ್ರ ಅವರಿಗೆ ಕೊಟ್ಟೋನೇ ನಾನು. ಅದರಲ್ಲಿದ್ದ ಸತ್ಯವೇ ಬೋರ್ಡಿಗೆ ಬಂದಿದ್ದು: ಈ ತೋಟದ ಗಿಡಗಳಿಗೆ ಕಸಿ ಕಟ್ಟಿದ್ದು ಒಬ್ಬ ಕೂಲಿ ಹೆಂಗಸು. ಫಸಲು ಬಂದ ವರ್ಷವೇ ಅಜ್ಜ ಅವಳನ್ನ ಮಕ್ಕಳ ಸಮೇತ ಓಡಿಸಿದ."

"ಸತ್ಯದ ಮೇಲೆ ಅಷ್ಟು ಪ್ರೀತಿನಾ?"

"ತಂಗಿ ಮೇಲೆ ಅಷ್ಟು ದ್ವೇಷ. ಪಾರ್ಕಿಗೆ ಬಂದವರಿಗೆಲ್ಲ ಅಜ್ಜನ ಭಜನೆ ಮಾಡ್ತಾಳಲ್ಲ!"

*

ಮ್ಯೂಸಿಯಂ ಮನೆಯಲ್ಲಿ, ಯಾರೂ ಮುಟ್ಟಬಾರದೆಂದು ಹಗ್ಗ ಕಟ್ಟಿದ್ದ ಅಜ್ಜನ ಕುರ್ಚಿಯಲ್ಲೇ ತಂಗಿ ಕುಳಿತಿದ್ದಳು.

"ನಮ್ಮಣ್ಣನ್ನ ಹಿಡಿದ್ರಾ?"

"ನಿನ್ನೆ ಸಂಜೆ ನೀವೆಲ್ಲಿದ್ರಿ?"

"ತಲೆನೋವು. ನಾಲ್ಕಕ್ಕೇ ಮನೆಗೆ ಹೋದೆ."

"ಬೋರ್ಡಿನ ವಿಷಯ ಗೊತ್ತಿತ್ತಾ?"

"ಗೊತ್ತಿಲ್ದೆ? ಉಂಡ ಮನೆಗೆ ಎರಡು ಬಗೆಯೋ ಕೆಲಸ. ಆ ಕೂಲಿಯವಳು ಮೇಲೆ ಮೆರೀಬೇಕು, ನಮ್ಮಜ್ಜ ಕೆಳಗೆ ಮೂಲೇಲಿ, ಅಂಚೆಚೀಟಿಯಷ್ಟು!"

ಇನ್‌ಸ್ಪೆಕ್ಟರಮ್ಮ ಹೊರಬಂದು ಬೋರ್ಡು ಬರೆದ ಪೇಂಟರಿಗೆ ಫೋನ್ ಮಾಡಿದರು. ಆಮೇಲೆ ತಂಗಿಯ ಮನೆಗೆ ಒಬ್ಬ ಕಾನ್‌ಸ್ಟೇಬಲನ್ನು ಕಳಿಸಿದರು.

*

ಮಧ್ಯಾಹ್ನ ಇನ್‌ಸ್ಪೆಕ್ಟರಮ್ಮ ಅಣ್ಣ, ತಂಗಿ ಇಬ್ಬರನ್ನೂ ಶೆಡ್ಡಿಗೆ ಕರೆಸಿದರು.

"ಮೊದಲು ಬೋರ್ಡಿನಲ್ಲಿ ಅಜ್ಜನ ಚಿತ್ರ ಇರಲೇ ಇಲ್ಲ," ಎಂದರು. "ನಿನ್ನೆ ಮಧ್ಯಾಹ್ನ ಮೇಷ್ಟ್ರು ಪೇಂಟರಿಗೆ ಫೋನ್ ಮಾಡಿ, ‘ಮೊಮ್ಮಗಳಿಗೆ ನೋವಾಗುತ್ತೆ ಪಾಪ, ಮೂಲೇಲಿ ಚಿಕ್ಕದಾಗಿ ಹಾಕಿಬಿಡಿ’ ಅಂದ್ರಂತೆ. ಪೇಂಟರ್ ಯಾರಿಗೂ ತೋರಿಸದೆ ಸುತ್ತಿ, ಐದೂವರೆಗೆ ತಂದುಕೊಟ್ಟ. ಮೇಷ್ಟ್ರು ಅದನ್ನ ಬಿಚ್ಚಿದ್ದು ಆಮೇಲೆ. ನಾಲ್ಕಕ್ಕೆ ಮನೆಗೆ ಹೋದ ನೀವು ಅಂಚೆಚೀಟಿಯಷ್ಟು ಚಿತ್ರವನ್ನ ಎಲ್ಲಿ ನೋಡಿದ್ರಿ?"

ಕಾನ್‌ಸ್ಟೇಬಲ್ ಅರೆಸುಟ್ಟ ಬೋರ್ಡಿನ ತುಂಡುಗಳನ್ನು ತಂಗಿಯ ಮುಂದಿಟ್ಟ. "ನಿಮ್ಮ ಹಿತ್ತಲಲ್ಲಿ ಸಿಕ್ತು."

"ಒಡೆದುಹಾಕಿ ಅಂದೆ," ಎಂದಳು ತಂಗಿ. "‘ಹಾಗೆಲ್ಲ ಮಾಡಬಾರದಮ್ಮ’ ಅಂತ ಬೆನ್ನು ತಿರುಗಿಸಿದ್ರು. ನನ್ನ ನೋಡಿ ಪಾಪ ಅನ್ನೋಕೆ ಅವರ್ಯಾರು?"

ಅಣ್ಣ ಗಹಗಹಿಸಿ ನಕ್ಕ. ಇನ್‌ಸ್ಪೆಕ್ಟರಮ್ಮ ಅವನತ್ತ ತಿರುಗಿದರು.

"ನಗಿ ಸ್ವಾಮಿ, ಚೆನ್ನಾಗಿ ನಗಿ. ನಿಮ್ಮಿಬ್ಬರ ಜಗಳದಲ್ಲಿ ಸತ್ತಿದ್ದು ಮಾತ್ರ ಮೂರನೆಯವರು."