ಪೆಟ್ಟಿಗೆ ಸಾಹೇಬರ ನೆಗಡಿ

ಭಾವಮೈದುನನಿಗೆ ಕಂಪನಿಯಲ್ಲಿ ಕೆಲಸ ಕೊಡಿಸಿದ್ದು ತಾವೇ ಎಂಬ ಸಂಗತಿ ಪೆಟ್ಟಿಗೆ ಸಾಹೇಬರ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು. ಹೆಂಡತಿಯ ಮುಖ ನೋಡಿ, ಇದ್ದಬದ್ದವರ ಕೈಕಾಲು ಹಿಡಿದು ಒಳಗೆ ಸೇರಿಸಿದವನು ಈಗ ಅವರ ತಲೆಯ ಮೇಲೇ ಬಂದು ಕೂತಿದ್ದ. ಕಂಪನಿ ದಿಕ್ಕು ಬದಲಿಸುತ್ತಿದೆ, ಇನ್ನು ನಮ್ಮದೇನಿದ್ದರೂ ಉಪಕರಣ ಮತ್ತು ಕ್ಲೌಡ್ ಎಂದು ತುಂಬಿದ ಸಭೆಯಲ್ಲಿ ಸಾರಿ, ಸಾಹೇಬರ ವಿಭಾಗಕ್ಕೆ ಎಳ್ಳುನೀರು ಬಿಟ್ಟಿದ್ದ. ಬಿಟ್ಟ ಮೇಲೆ ಕೆಳಗಿಳಿದು ಬಂದು, "ಬೇಜಾರಿಲ್ಲ ತಾನೇ ಭಾವ?" ಎಂದು ಬೇರೆ ಕೇಳಿದ್ದ.

ಸಾಹೇಬರ ವಿಭಾಗವೆಂದರೆ ಪೆಟ್ಟಿಗೆ. ತಂತ್ರಾಂಶವನ್ನು ಡಿಸ್ಕಿಗೆ ತುಂಬಿ, ಡಿಸ್ಕನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಜೊತೆಗೆ ದಿಂಬಿನಷ್ಟು ದಪ್ಪದ ಪುಸ್ತಕವಿಟ್ಟು ಮಾರುವುದು. ಕೊಂಡವನು ಮನೆಗೆ ಒಯ್ದರೆ ಮುಗಿಯಿತು, ಆಮೇಲೆ ಯಾರ ಹಂಗೂ ಇಲ್ಲ. ಒಂದು ಸಲ ಬರೆದದ್ದು ಬರೆದದ್ದೇ. ಪೆಟ್ಟಿಗೆಯ ಹೆಸರೇ ಅವರಿಗೆ ಅಂಟಿಕೊಂಡಿತ್ತು, ಅವರಿಗೂ ಅದರ ಬಗ್ಗೆ ಹೆಮ್ಮೆಯಿತ್ತು. ಇನ್ನು ಮೇಲೆ ಅವರನ್ನು 'ಗ್ರಾಹಕರ ಸಂತೋಷ' ವಿಭಾಗಕ್ಕೆ ಕಳಿಸುತ್ತಾರಂತೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ದಿನವಿಡೀ ಊರಿನವರ ಬೈಗುಳ ಕೇಳುವ ವಿಭಾಗವದು.

ಆದರೆ ಎಲ್ಲವೂ ಒಂದು ಕೊಡೆಯ ಮೇಲೆ ನಿಂತಿತ್ತು. ಮಳೆ ಬರುತ್ತಿದೆಯೇ ಎಂದು ಕ್ಲೌಡನ್ನು ಕೇಳಿ, ಹೌದೆಂದು ಖಚಿತವಾದ ಮೇಲಷ್ಟೇ ಬಿಚ್ಚಿಕೊಳ್ಳುವ ಕೊಡೆ. ಮಾಡಿದ್ದು ಒಂದೇ ಒಂದು. ಅದನ್ನು ವೇದಿಕೆಯ ಮೇಲೆ ಬಿಚ್ಚಿ ತೋರಿಸಿದರೆ ಹೊಸ ದಾರಿ, ತೋರಿಸಲಾಗದಿದ್ದರೆ ಹಳೆಯ ಪೆಟ್ಟಿಗೆಯೇ ಗತಿ ಎಂದು ಆಡಳಿತ ಮಂಡಳಿ ಭಾವಮೈದುನನಿಗೆ ಕಟ್ಟುನಿಟ್ಟಾಗಿ ಹೇಳಿತ್ತು. ಸಾಹೇಬರು ಕೊಡೆ ಕದಿಯಲು ತೀರ್ಮಾನಿಸಿದರು. ತೀರ್ಮಾನಿಸಿದ ದಿನ ಅವರಿಗೆ ಹೊಟ್ಟೆತುಂಬ ಊಟ ಸೇರಿತು.

ಯೋಜನೆಯಲ್ಲಿ ಕೂದಲು ತೂರುವಷ್ಟೂ ಸಂದಿರಲಿಲ್ಲ. ಪ್ರದರ್ಶನದ ಹಿಂದಿನ ದಿನ ಇಡೀ ಕಂಪನಿಗೆ ಸಭಾಂಗಣದಲ್ಲಿ ಚಪ್ಪಾಳೆಯ ತಾಲೀಮು. ಎಲ್ಲಿ ಮೆಲ್ಲಗೆ ತಟ್ಟಬೇಕು, ಎಲ್ಲಿ ಎದ್ದು ನಿಂತು ತಟ್ಟಬೇಕು ಎಂದು ಹೇಳಿಕೊಡಲು ಹೊರಗಿನಿಂದ ಗುರುವೊಬ್ಬ ಬರುತ್ತಿದ್ದ. ಅಂದು ಸಾಹೇಬರಿಗೆ ನೆಗಡಿ ಬರತಕ್ಕದ್ದು. ಕಚೇರಿಯ ಕ್ಯಾಮೆರಾಗಳೂ ಬಾಗಿಲುಗಳೂ ಈಗ ಕ್ಲೌಡಿನ ಅಪ್ಪಣೆಯಿಲ್ಲದೆ ಉಸಿರಾಡುತ್ತಿರಲಿಲ್ಲ. ಕ್ಲೌಡ್ ನಿಂತರೆ ಕ್ಯಾಮೆರಾ ಕುರುಡು. ಬೆಂಕಿಗಿಂಕಿ ಬಿದ್ದಾಗ ಯಾರೂ ಸಿಕ್ಕಿಹಾಕಿಕೊಳ್ಳಬಾರದೆಂದು, ಕ್ಲೌಡ್ ನಿಂತೊಡನೆ ಬಾಗಿಲುಗಳು ತಾವೇ ತೆರೆದುಕೊಳ್ಳುತ್ತವೆ. ಇಷ್ಟು ದೊಡ್ಡ ಕ್ಲೌಡಿನ ಪ್ರಾಣವೋ, ಮೆಟ್ಟಿಲ ಕೆಳಗಿನ ಕೋಣೆಯ ಒಂದು ದಪ್ಪ ಪ್ಲಗ್ಗಿನಲ್ಲಿತ್ತು. ಮೊನ್ನೆಮೊನ್ನೆಯವರೆಗೆ ಅದು ಸಾಹೇಬರ ಪೆಟ್ಟಿಗೆಗಳ ಉಗ್ರಾಣ. ಅದರ ಬೀಗದಕೈ ಇನ್ನೂ ಅವರ ಗೊಂಚಲಲ್ಲೇ ಇತ್ತು.

ತಾವು ಮನೆಯಲ್ಲೇ ಇದ್ದೆವೆಂಬ ಸಾಕ್ಷಿಯನ್ನು ಅವರು ಇನ್ನೂ ಅಚ್ಚುಕಟ್ಟಾಗಿ ಸಿದ್ಧಮಾಡಿದರು. ನೌಕರರ ಮನೆಗಳಲ್ಲಿ ಕಂಪನಿಯ ದೀಪ, ಕೆಟಲ್, ಕನ್ನಡಿ ಇರಲೇಬೇಕೆಂಬ ನಿಯಮವಿತ್ತು. ಮನೆಯವರು ಏನು ಹೇಳಿದರು, ಏನು ಮಾಡಿದರು ಎಂದು ಅವು ಕ್ಲೌಡಿಗೆ ಚಾಡಿ ಹೇಳುತ್ತಲೇ ಇರುತ್ತಿದ್ದವು. ಪರೀಕ್ಷೆಗೆಂದು ನಾಳೆಯ ಘಟನೆಯನ್ನು ಇಂದೇ ಕ್ಲೌಡಿನ ದಾಖಲೆಯಲ್ಲಿ ಬರೆದಿಡುವ ಒಂದು ಹಿಂಬಾಗಿಲೂ ಇತ್ತು. ಸಾಹೇಬರು ಅಲ್ಲಿ ಕೂತು ತಮ್ಮ ಮಾರನೆಯ ದಿನವನ್ನು ಬರೆದರು. ಬೆಳಗಿನಿಂದ ಸಂಜೆಯವರೆಗಿನ ಒಂದು ಗಳಿಗೆಯನ್ನೂ ಬಿಡದೆ ಬರೆದರು. ಕೆಟಲ್ಲಿಗೆ ಬಿಸಿನೀರು ಕೇಳಿದ್ದು, ಬೇಡವೆಂದದ್ದು, ಮತ್ತೆ ಕೇಳಿದ್ದು. ಮೂಗು ಕೆಂಪಾಗಿದೆ ಎಂದು ಕನ್ನಡಿ ಹೇಳಿದ್ದಕ್ಕೆ ಅದನ್ನು ಗದರಿಸಿದ್ದು. ಓದುತ್ತ ಓದುತ್ತ ಅವರಿಗೆ ತಮ್ಮ ಮೇಲೇ ಕನಿಕರ ಹುಟ್ಟಿತು.

ಅಂದುಕೊಂಡಂತೆಯೇ ಆಯಿತು. ಬೆಳಗ್ಗೆಯೇ ಅತ್ತ ಸಭಾಂಗಣದಲ್ಲಿ ಚಪ್ಪಾಳೆ ಮೊಳಗುತ್ತಿದ್ದಾಗ ಇತ್ತ ಸಾಹೇಬರು ಪ್ಲಗ್ ಕಿತ್ತು, ತಾನಾಗಿ ತೆರೆದ ಗಾಜಿನ ಕೋಣೆಯಿಂದ ಕೊಡೆ ಎತ್ತಿಕೊಂಡು, ಸರಕು ಸಾಗಿಸುವ ಹಿಂಬಾಗಿಲಿಂದ ಹೊರಬಿದ್ದರು. ಪ್ಲಗ್ಗನ್ನು ಬೇಕೆಂದೇ ಹಾಗೇ ಬಿಟ್ಟಿದ್ದರು, ಇಲ್ಲದಿದ್ದರೆ ಕೊಡೆ ತಾನೆಲ್ಲಿದ್ದೇನೆಂದು ಊರಿಗೆಲ್ಲ ಸಾರುತ್ತಿತ್ತು. ಹೊರಗೆ ಧೋ ಎಂದು ಮಳೆ. ಕೇಳಲು ಕ್ಲೌಡ್ ಇಲ್ಲದ ಕೊಡೆ ಏನು ಮಾಡಿದರೂ ಬಿಚ್ಚಲೊಲ್ಲದು.

"ಕೈಯಲ್ಲೇ ಕೊಡೆ ಇದ್ಯಲ್ರೀ, ಬಿಚ್ಚಬಾರ್ದಾ?" ಎಂದು ದಾರಿಹೋಕನೊಬ್ಬ ಕೂಗಿದ.

"ಇದು ತೋರ್ಸೋಕಷ್ಟೆ!" ಎಂದು ಸಾಹೇಬರೂ ಕೂಗಿದರು. ಸೇತುವೆಯಿಂದ ಅದನ್ನು ಹೊಳೆಗೆಸೆದು, ತೊಪ್ಪೆಯಾಗಿ ಮನೆ ಸೇರುವಷ್ಟರಲ್ಲಿ ನಿಜವಾದ ನೆಗಡಿಯೇ ಹಿಡಿದಿತ್ತು. ಅದೂ ಒಳ್ಳೆಯದೇ ಆಯಿತೆಂದುಕೊಂಡರು.

ಸಂಜೆ ಹೆಂಡತಿ ತನ್ನ ದಂತ ಚಿಕಿತ್ಸಾಲಯದಿಂದ ಸುಸ್ತಾಗಿ ಬಂದಳು. "ರೀ, ನನ್ನ ತಮ್ಮ ಫೋನಲ್ಲಿ ಮಗು ಥರ ಅಳ್ತಿದಾನೆ. ಕೊಡೆ ಕಳ್ಳತನ ಆಗಿದ್ಯಂತೆ. ನಂಗಂತೂ ಇವತ್ತು ಸಾಕಾಗಿ ಹೋಯ್ತು. ಕ್ಲಿನಿಕ್ಕಲ್ಲಿ ಹಾಕ್ಸಿದ್ದ ನಿಮ್ಮ ಕಂಪನಿ ದೀಪ ಹೊತ್ಕೊಳ್ಳಲಿಲ್ಲ, ಟಾರ್ಚ್ ಹಿಡ್ಕೊಂಡು ಹಲ್ಲು ಕಿತ್ತಿದ್ದೀನಿ."

"ಪಾಪ," ಎಂದು ಸಾಹೇಬರು ಸೀನಿದರು. ಎಂಜಿನಿಯರುಗಳು ಏನೇನೋ ಬಿಚ್ಚಿ ನೋಡಿ, ಪ್ಲಗ್ ಬಿದ್ದಿರಬಹುದೆಂದು ಹೊಳೆಯುವಾಗ ಕತ್ತಲಾಗಿತ್ತು ಎಂಬ ಸುದ್ದಿಯೂ ಆಮೇಲೆ ಬಂತು. ಮುಸುಕಿನೊಳಗೆ ಅವರು ಹಾಲು ಕುಡಿದಷ್ಟು ಖುಷಿಯಾಗಿದ್ದರು.

ಬೆಳಗ್ಗೆ ಕಂಪನಿಯ ಕಾವಲು ಅಧಿಕಾರಿಣಿ ಸಾಹೇಬರನ್ನು ತನ್ನ ಕೋಣೆಗೆ ಕರೆಸಿದಳು. ನಗುವೆಂಬುದನ್ನು ಮರೆತೇಬಿಟ್ಟ ಹೆಂಗಸು. ತಾಲೀಮಿಗೆ ಬಾರದವರು ಅವರೊಬ್ಬರೇ ಎಂದಳು. "ಕ್ಲೌಡನ್ನೇ ಕೇಳಿ ಮೇಡಂ, ದಿನಪೂರ್ತಿ ಏನ್ಮಾಡ್ದೆ ಅಂತ ಅದೇ ಹೇಳತ್ತೆ," ಎಂದರು ಸಾಹೇಬರು, ಒಬ್ಬ ಲೇಖಕನ ಸಂಕೋಚದಿಂದ. ಅವಳು ತರಿಸಿ ಓದಿದಳು. ಕನ್ನಡಿಯನ್ನು ಗದರಿಸಿದ ಭಾಗವನ್ನು ಎರಡು ಸಲ ಓದಿದಂತೆ ಕಂಡಿತು.

ಅಷ್ಟರಲ್ಲಿ ಭಾವಮೈದುನ ಬಾಗಿಲು ದೂಡಿಕೊಂಡು ನುಗ್ಗಿ, ಸಾಹೇಬರನ್ನು ತಬ್ಬಿ ಮೇಲೆತ್ತಿಬಿಟ್ಟ. ಕಣ್ಣು ಊದಿದ್ದರೂ ಮುಖ ಊರಗಲವಾಗಿತ್ತು. "ಕೊಡೆ ಹಾಳಾಗ್ಲಿ ಭಾವ! ನೀವೇ ನನ್ನ ಕಾಪಾಡಿದ್ದು. ನಿನ್ನೆ ನಮ್ಮ ಒಂದು ಕೆಟಲ್ಲೂ ಕಾಯ್ಲಿಲ್ಲ, ಒಂದು ದೀಪಾನೂ ಉರೀಲಿಲ್ಲ, ಎಲ್ಲಾ ಊರಿನ ಗ್ರಾಹಕ್ರೂ ಜನ್ಮ ಜಾಲಾಡಿದ್ರು. ಆದ್ರೆ ಈಗ್ತಾನೇ ಕ್ಲೌಡಿನ ದಾಖಲೆ ನೋಡ್ದೆ, ಒಂದೇ ಒಂದು ಮನೇಲಿ ಮಾತ್ರ ಎಲ್ಲಾ ಕೆಲಸ ಮಾಡಿವೆ, ಬೆಳಗ್ಗೆಯಿಂದ ಸಂಜೆವರ್ಗೂ. ನಿಮ್ಮನೇಲಿ! ಕ್ಲೌಡ್ ಇಲ್ದೇನೂ ನಡೆಯೋ ಕೆಟಲ್ ಅಂತ ಇವತ್ತು ವೇದಿಕೆ ಮೇಲೆ ನಿಮ್ಮನ್ನೇ ಹತ್ತಿಸ್ತೀನಿ. ಹೆಂಗೆ ಮಾಡಿದ್ರಿ, ಅದೊಂದು ಹೇಳ್ಬಿಡಿ." ಸಾಹೇಬರು ಜೇಬಿನಲ್ಲಿ ಕರವಸ್ತ್ರ ಹುಡುಕತೊಡಗಿದರು. ಕಾವಲು ಅಧಿಕಾರಿಣಿ ಎದ್ದುಹೋಗಿ ಬಾಗಿಲ ಚಿಲಕ ಹಾಕಿ, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಕೂತಳು. "ಹೌದು ಸರ್, ನಿಧಾನಕ್ಕೆ ಹೇಳಿ," ಎಂದಳು.