ಹನ್ನೊಂದು ಬೇಸಿಗೆಯ ಕೈಪಟ್ಟಿಗಳು

ಡ್ರಮ್ಮಿನ ಮೊದಲ ಏಟು ಬಿದ್ದದ್ದೇ ತಡ, ಎಮೆಶೆಯ ತಿಂಡಿ ಗಾಡಿಯ ಮುಂದಿದ್ದ ಉದ್ದದ ಸಾಲು ಕರಗಿಹೋಯಿತು.

ಅವಳಿಗೆ ಇದು ಹೊಸದಲ್ಲ. ಎಲ್ಲರೂ ಕಾಯುತ್ತಿದ್ದ ಹಾಡು ಶುರುವಾದರೆ ಸಾಕು, ಎಷ್ಟು ಹಸಿದವರೂ ವೇದಿಕೆಯ ಕಡೆ ಓಡುತ್ತಾರೆ. ಹಂಗೇರಿಯ ಬಾಲಾತೋನ್ ಸರೋವರದ ದಂಡೆಯ ಈ ಸಂಗೀತೋತ್ಸವದಲ್ಲಂತೂ ದ್ರಾಕ್ಷಿತೋಟದ ಇಳಿಜಾರಿನಲ್ಲಿ ಚಪ್ಪಲಿ ಬಿಟ್ಟು ಓಡುವವರೂ ಇದ್ದಾರೆ.

ಆದರೆ ಇವತ್ತು ಒಬ್ಬ ಉಳಿದಿದ್ದ.

ಬೆನ್ನಿಗೆ ಚೀಲ, ಕೆದರಿದ ಕೂದಲು, ನಿದ್ದೆಯಿಲ್ಲದ ಕಣ್ಣು. ಆ ಕಣ್ಣುಗಳು ನೆಟ್ಟಗೆ ಅವಳನ್ನೇ ನೋಡುತ್ತಿದ್ದವು.

"ನೀವು ಓಡಲ್ವಾ?" ಎಮೆಶೆ ಕೇಳಿದಳು.

"ಓಡ್ಬೇಕು ಅಂತಾನೇ ಇದೆ. ಕಾಲು ಒಪ್ತಿಲ್ಲ. ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ."

ಗಾಡಿಯೊಳಗೆ ಹಿಟ್ಟು ತಟ್ಟುತ್ತಿದ್ದ ಪಿರೋಷ್ಕಾ ಅಜ್ಜಿ ತಲೆ ಹೊರಗೆ ಹಾಕಿದಳು. "ಹಾಗಾದ್ರೆ ಕೂತ್ಕೋ ಮಗಾ. ಹಾಡು ನಾಳೆನೂ ಇರುತ್ತೆ. ನನ್ನ ಲಾಂಗೋಶ್ ಬಿಸಿಬಿಸಿ ಇರೋದು ಈಗ ಮಾತ್ರ."

ಎಣ್ಣೆಯಲ್ಲಿ ಉಬ್ಬಿ ಎದ್ದ ಹಿಟ್ಟಿಗೆ ಬೆಳ್ಳುಳ್ಳಿ ನೀರು ಸವರಿ, ಹುಳಿ ಕೆನೆ ಹರಡಿ, ಮೇಲೆ ಚೀಸ್ ತುರಿ ಉದುರಿಸುವಷ್ಟರಲ್ಲಿ ಅವನು ಗಾಡಿಯ ಪಕ್ಕದ ನೀರಿನ ಡ್ರಮ್ಮಿನ ಹತ್ತಿರ ಕೈ ತೊಳೆಯಲು ನಿಂತಿದ್ದ. ಎಂಥ ತೊಳೆಯುವಿಕೆ ಅದು! ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳುಗಳು ಬೇರೆಯಾಗಿ, ಆಮೇಲೆ ಮೊಣಕೈವರೆಗೆ. ಕೊನೆಗೆ ನಲ್ಲಿಯನ್ನು ಮೊಣಕೈಯಿಂದ ತಳ್ಳಿ ಮುಚ್ಚಿದ.

"ಏನಪ್ಪಾ, ತಿನ್ನೋದು ಒಂದು ಲಾಂಗೋಶ್. ಮದುವೆ ಊಟಕ್ಕೆ ಕೂರೋ ಹಾಗೆ ತೊಳೀತೀಯಲ್ಲ," ಅಜ್ಜಿ ಗೊಣಗಿದಳು. "ಆ ನೀರು ಹೊತ್ತು ತರೋಳು ನನ್ನ ಮೊಮ್ಮಗಳು."

"ಕ್ಷಮಿಸಿ ಅಜ್ಜಿ. ಅಭ್ಯಾಸ." ಅವನು ನಕ್ಕ.

ಎಮೆಶೆಯ ಎದೆಯೊಳಗೆ ಏನೋ ಒಂದು ಎಣ್ಣೆಗೆ ಬಿಟ್ಟ ಹಿಟ್ಟಿನಂತೆ ಮೆಲ್ಲಗೆ ಮೇಲೆದ್ದಿತು.

ಬೇಡ... ಈ ಬೇಸಿಗೆ ಇದೆಲ್ಲ ಬೇಡ ಅಂದುಕೊಂಡಿದ್ದೆನಲ್ಲ...

ಅವನ ಹೆಸರು ಆಬೆಲ್. ಅವತ್ತು ಶುಕ್ರವಾರ. ಸಾಲು ಕರಗಿದಾಗಲೆಲ್ಲ ಅವನು ಗಾಡಿಯ ಪಕ್ಕದ ಬೆಂಚಿಗೆ ಬಂದು ಕೂರತೊಡಗಿದ. ಇಬ್ಬರಿಗೂ ಮಾತಿಗೆ ಇದ್ದದ್ದು ಒಂದೇ ವಿಷಯ. ಯಾರು ಯಾವ ಬೇಸಿಗೆಯಲ್ಲಿ ಯಾವ ಉತ್ಸವಕ್ಕೆ ಹೋಗಿದ್ದರು, ಎಲ್ಲಿ ಏನು ಕಂಡರು.

"ಡೆನ್ಮಾರ್ಕ್‌ನಲ್ಲಿ ಬೇಲಿ ತೆಗೆದ ತಕ್ಷಣ ಡೇರೆ ಹೆಗಲ ಮೇಲಿಟ್ಕೊಂಡು ಓಡ್ತಾರೆ," ಆಬೆಲ್ ಹೇಳಿದ. "ಒಳ್ಳೇ ಜಾಗ ಹಿಡಿಯೋಕೆ. ನಾನು ಓಡಿ ಓಡಿ ಶೌಚಾಲಯದ ಪಕ್ಕ ಜಾಗ ಹಿಡಿದೆ."

"ಆ ವರ್ಷ ನಾವೂ ಅಲ್ಲಿದ್ವಿ. ನಾಲ್ಕು ದಿನ ಮಳೆ. ಅಜ್ಜಿಯ ಒಂದು ಬೂಟು ಕೆಸರಲ್ಲಿ ಹೋಗಿದ್ದು ಇನ್ನೂ ಬಂದಿಲ್ಲ."

"ಮುಂದಿನ ಸಲ ಹೋದ್ರೆ ಹುಡುಕ್ತೀನಿ. ಪೋರ್ಚುಗಲ್?"

"ಧೂಳು. ಚೀಸ್ ಮೇಲೆ ಧೂಳು, ಧೂಳಿನ ಮೇಲೆ ಚೀಸ್. ಯಾರೂ ಏನೂ ಹೇಳಲಿಲ್ಲ, ಪಾಪ."

"ಸರ್ಬಿಯಾದ ಕೋಟೆ?"

"ಅಲ್ಲಿಯವರು ಮೂರನೇ ಸಲ ತಿನ್ನೋಕೆ ಬಂದ್ರೆ ನೆಂಟರಾಗ್ಬಿಡ್ತಾರೆ. ಒಬ್ಬ ಮುದುಕ ಅಜ್ಜಿಗೆ ಅಂತ ಪ್ಲಮ್ ಬ್ರಾಂದಿ ತಂದಿದ್ದ. ಹಾಡು ಹೇಳಿದ, ಅತ್ತ, ಆಮೇಲೆ ಗಾಡಿಯ ಚಕ್ರ ರಿಪೇರಿ ಮಾಡಿಕೊಟ್ಟ."

"ಅವನನ್ನ ಯಾಕೆ ನೆನಪಿಸ್ತೀಯೇ," ಒಳಗಿನಿಂದ ಅಜ್ಜಿಯ ದನಿ. "ಒಳ್ಳೇ ಕಣ್ಣಿತ್ತು ಅವನಿಗೆ."

ಆಬೆಲ್ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಎಮೆಶೆಯ ಎಡಗೈ ನೋಡಿದ. ಮಣಿಕಟ್ಟಿನಿಂದ ಮೊಣಕೈ ಕಡೆಗೆ, ಉತ್ಸವದೊಳಗೆ ಬಿಡಲು ಗೇಟಿನಲ್ಲಿ ಕಟ್ಟುವ ಬಟ್ಟೆಯ ಕೈಪಟ್ಟಿಗಳು. ಹರಿದುಹೋದವು ಹೋಗಿ, ಬೇಸಿಗೆಗೊಂದರಂತೆ ಉಳಿದದ್ದು ಹನ್ನೊಂದು. ಹಳೆಯವು ಹಸಿರು ಮಾಸಿ ದಾರ ಬಿಟ್ಟಿದ್ದವು. ಉತ್ಸವದ ಪಟ್ಟಿಯನ್ನು ಯಾರೂ ತೆಗೆಯುವುದಿಲ್ಲ. ಅದು ತಾನಾಗಿ ಹರಿದು ಬೀಳಬೇಕು. ಅಷ್ಟು ದಿನ ಆ ಬೇಸಿಗೆ ಮೈಮೇಲೆ ಇರುತ್ತದೆ.

"ಹನ್ನೊಂದು ಬೇಸಿಗೆ," ಅವನು ಮೆಲ್ಲಗೆ ಹೇಳಿದ. "ಎಷ್ಟೊಂದು ಹಾಡು ನೋಡಿರ್ಬೇಕು ನೀವು."

ಎಮೆಶೆ ಪಟ್ಟಿಗಳ ಮೇಲೆ ಬೆರಳಾಡಿಸಿದಳು.

"ಹೌದು," ಅಂದಳು. "ನೋಡಿದೀನಿ."

ಸುಳ್ಳು. ಹನ್ನೊಂದು ಬೇಸಿಗೆಯಲ್ಲಿ ಅವಳು ಒಂದೇ ಒಂದು ವೇದಿಕೆಯನ್ನೂ ಎದುರಿನಿಂದ ನೋಡಿರಲಿಲ್ಲ. ಹಾಡುಗಳೆಲ್ಲ ಅವಳಿಗೆ ಎಣ್ಣೆಯ ಸದ್ದಿನ ಹಿಂದಿನಿಂದ, ಜನರ ಬೆನ್ನುಗಳ ಆಚೆಯಿಂದ ಬಂದಂಥವು. ಆದರೆ ಊರೂರು ಸುತ್ತಿ ಬಂದ ಈ ಹುಡುಗನ ಮುಂದೆ ಅದನ್ನು ಹೇಳುವುದು ಹೇಗೆ? ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಅರಮನೆಯ ಅಡುಗೆಮನೆಯ ಹುಡುಗಿ ಗೋಡೆಗೆ ಕಿವಿಯಿಟ್ಟು ಕುಣಿತದ ಸಂಗೀತ ಕೇಳುತ್ತಾಳೆ. ಅವಳೇ ನಾನು, ಎಂದು ಎಮೆಶೆಗೆ ಎಷ್ಟೋ ಸಲ ಅನ್ನಿಸಿತ್ತು.

ಆಗ ಅವಳ ಕಣ್ಣು ಅವನ ಕೈಮೇಲೆ ಬಿತ್ತು. ಈ ವರ್ಷದ ಒಂದು ಹೊಸ ಪಟ್ಟಿ. ಅಷ್ಟೇ.

"ಡೆನ್ಮಾರ್ಕ್ ಎಲ್ಲಿ? ಪೋರ್ಚುಗಲ್ ಎಲ್ಲಿ?"

ಅವನು ಕೈ ಹಿಂದಕ್ಕೆಳೆದುಕೊಂಡ. "ಮನೇಲಿವೆ. ಒಂದು ಡಬ್ಬದಲ್ಲಿ."

"ಡಬ್ಬದಲ್ಲಿ ಯಾಕೆ? ಏನು ಕೆಲಸ ನಿಮ್ಮದು?"

"ಕೆಲಸದ ಮಾತು ಬೇಡ, ಎಮೆಶೆ." ಅವನ ಮುಖದಿಂದ ನಗು ಹೋಗಿತ್ತು. "ಈ ವಾರ ಚೆನ್ನಾಗಿರ್ಲಿಲ್ಲ. ಮೂರು ದಿನ ಅದನ್ನ ಮರೆಯೋಕೆ ಬಂದಿದೀನಿ."

ಅವಳು ಮತ್ತೆ ಕೇಳಲಿಲ್ಲ. ಆದರೆ ಕಣ್ಣಿಗೆ ಬಿದ್ದ ಧೂಳಿನ ಕಣದಂತೆ ಆ ಮಾತು ಒಳಗೇ ಉಳಿಯಿತು.

ಶನಿವಾರ ಸಂಜೆ ಅವನು ಹೇಳಿದ, "ಮೂರು ವಾರ ಬಿಟ್ಟು ಸ್ಲೊವೇನಿಯಾಕ್ಕೆ ಬರ್ತೀರಲ್ಲ, ಸೋಚಾ ನದಿ ಹತ್ತಿರದ್ದಕ್ಕೆ? ಶನಿವಾರ ಸೂರ್ಯ ಮುಳುಗೋ ಹೊತ್ತಿಗೆ ಇಬ್ಬರು ಅಕ್ಕತಂಗಿಯರು ಪಿಟೀಲು ನುಡಿಸ್ತಾರೆ. ವೇದಿಕೆಯ ಎಡಗಡೆ ಒಂದು ದೊಡ್ಡ ಲಿಂಡೆನ್ ಮರ ಇದೆ. ನಾನು ಅಲ್ಲೇ ನಿಂತಿರ್ತೀನಿ."

"ಯಾಕೆ ಹೇಳ್ತಿದ್ದೀರಾ?"

"ಪಕ್ಕದಲ್ಲಿ ನಿಲ್ಲೋಕೆ ಯಾರಾದ್ರೂ ಬರ್ತಾರಾ ಅಂತ."

ಅವತ್ತು ಅವಳು ಮಾಡಿದ ಲಾಂಗೋಶ್‌ಗಳಿಗೆಲ್ಲ ಬೆಳ್ಳುಳ್ಳಿ ಎರಡೆರಡು ಸಲ ಬಿದ್ದಿತ್ತು.

"ಈ ಹುಡುಗಿಯಿಂದ ಇವತ್ತು ಯಾರೂ ಯಾರಿಗೂ ಮುತ್ತು ಕೊಡೋ ಹಾಗಿಲ್ಲ," ಎಂದು ಅಜ್ಜಿ ಗಿರಾಕಿಗಳ ಕ್ಷಮೆ ಕೇಳಿದಳು.

ಭಾನುವಾರ ಮಧ್ಯಾಹ್ನ. ಆಬೆಲ್ ಹೊರಡುವ ದಿನ. ಬಸ್ಸಿಗೆ ಮುಂಚೆ ಗೇಟಿನ ಹೊರಗೆ ಸಿಗುವುದಾಗಿ ಹೇಳಿದ್ದ. ಹಿಟ್ಟಿನ ಮೂಟೆ ತರುವ ನೆಪದಲ್ಲಿ ಎಮೆಶೆ ಹತ್ತು ನಿಮಿಷ ಮೊದಲೇ ಹೋದಳು. ಮುಡಿಗೆ ಅಜ್ಜಿಯ ಕೆಂಪು ಪಟ್ಟೆಯ ವಸ್ತ್ರ ಕಟ್ಟಿಕೊಂಡಿದ್ದಳು.

ಅವನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ. ಕೈಯಲ್ಲಿ ಒಂದು ಪುಟ್ಟ ಕತ್ತರಿ.

ಅವನು ತನ್ನ ಕೈಪಟ್ಟಿ ಕತ್ತರಿಸುತ್ತಿದ್ದ.

ಎಮೆಶೆ ಅಲ್ಲೇ ನಿಂತಳು. ಹೋದ ವರ್ಷವೂ ಅವಳು ಇದನ್ನೇ ನೋಡಿದ್ದಳು. ಕತ್ತರಿ ಹಿಡಿದಿದ್ದ ಕೈ ಬೇರೆಯದು, ಅಷ್ಟೇ. ಮಾರ್ಸೆಲ್ ಅಂತ ಒಬ್ಬನಿದ್ದ. ಇಡೀ ಬೇಸಿಗೆ ಅವಳ ಹಿಂದೆ ಉತ್ಸವದಿಂದ ಉತ್ಸವಕ್ಕೆ ಬಂದಿದ್ದ. ಕೊನೆಯ ದಿನ ರೈಲು ನಿಲ್ದಾಣದಲ್ಲಿ ಪಟ್ಟಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದ. ಯಾಕೆ ಅಂತ ಅವಳಿಗೆ ತಿಂಗಳಾದ ಮೇಲೆ ಗೊತ್ತಾಯಿತು. ಅವನ ಮನೆಯಲ್ಲಿ ನಿಶ್ಚಯವಾದ ಹುಡುಗಿಯೊಬ್ಬಳು ಕಾಯುತ್ತಿದ್ದಳು.

ಇವನೂ... ಅದಕ್ಕೇ ಕೈ ಖಾಲಿ. ಅದಕ್ಕೇ ಕೆಲಸದ ಮಾತು ಬೇಡ...

"ಎಮೆಶೆ, ಬಂದ್ರಾ." ಆಬೆಲ್ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಎದ್ದ. ಅವನ ಮುಖ ಅರಳಿತ್ತು. "ನಿಮ್ಮ ನಂಬರ್ ಕೇಳೋಣ ಅಂತ ಮೂರು ದಿನದಿಂದ—"

"ನನ್ನ ಹತ್ರ ಫೋನಿಲ್ಲ."

ಫೋನು ಅವಳ ಏಪ್ರನ್ ಜೇಬಿನಿಂದ ಇಣುಕುತ್ತಿತ್ತು.

ಅವನು ಅದನ್ನು ನೋಡಿದ. ಅವಳನ್ನು ನೋಡಿದ. "ನಾನೇನಾದ್ರೂ ತಪ್ಪು ಮಾತಾಡಿದ್ನಾ?"

"ನಿಮ್ಮ ಮನೆಯವಳಿಗೆ ನಮಸ್ಕಾರ ಹೇಳಿ," ಎಂದಳು ಎಮೆಶೆ. "ಪಟ್ಟಿ ಕತ್ತರಿಸಿದ್ದು ಒಳ್ಳೇದಾಯ್ತು. ಈಗ ಯಾರಿಗೂ ಏನೂ ಗೊತ್ತಾಗಲ್ಲ."

"ಏನು? ಯಾರ ಮನೆಯವಳು?"

ಬಸ್ಸು ಬಂತು. ಅವನು ಹತ್ತಲೇಬೇಕಿತ್ತು. ಕಿಟಕಿಯಿಂದ ಅವಳನ್ನೇ ನೋಡುತ್ತ ಹೋದ. ಅವಳು ಗೇಟಿನ ಬಳಿ ಇಳಿಸಿದ್ದ ಹಿಟ್ಟಿನ ಮೂಟೆಯನ್ನು ಹೆಗಲಿಗೇರಿಸಿ ತಿರುಗಿ ನೋಡದೆ ನಡೆದಳು. ಕಣ್ಣೀರಿಗೆ ಹಿಟ್ಟು ಮೆತ್ತಿ ಕೆನ್ನೆಯೆಲ್ಲ ಬಿಳಿಯಾಗಿತ್ತು.

ಅಜ್ಜಿ ಎಲ್ಲ ಕೇಳಿ ಕೈಯ ಹಿಟ್ಟು ಒರೆಸಿಕೊಂಡಳು.

"ಮಾರ್ಸೆಲ್ ಪಟ್ಟಿನ ಎಲ್ಲಿ ಹಾಕಿದ್ದ?"

"ಕಸದ ಬುಟ್ಟಿಗೆ."

"ಇವನು?"

"...ಜೇಬಿಗೆ."

"ಹೂಂ," ಎಂದಳು ಅಜ್ಜಿ, ಅಷ್ಟೇ ಹೇಳಿ ಹಿಟ್ಟು ನಾದತೊಡಗಿದಳು.

ಎರಡು ವಾರ ಕಳೆಯಿತು. ಕೆಚ್ಕೆಮೇತ್‌ನಲ್ಲಿದ್ದ ಅಕ್ಕ ಜೋಫಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಗು ಎರಡು ಕಿಲೋ ಕೂಡ ಇರಲಿಲ್ಲ. ಅಕ್ಕನಿಗೆ ಜ್ವರ. ಭಾವ ಲಾರಿ ಓಡಿಸಿಕೊಂಡು ದೂರದ ಸ್ಪೇನಿನಲ್ಲಿದ್ದ. ಮಗುವಿಗೆ ಮನುಷ್ಯರ ಎದೆಯ ಬಿಸಿ ಬೇಕು, ಯಾರಾದರೂ ಬರಬೇಕು ಎಂದು ಆಸ್ಪತ್ರೆಯಿಂದ ಕರೆ ಬಂದಾಗ ಎಮೆಶೆ ಮೊದಲ ರೈಲು ಹಿಡಿದಳು.

ಹಸುಗೂಸುಗಳ ವಾರ್ಡಿನ ಬಾಗಿಲಲ್ಲಿ ನರ್ಸ್ ಅವಳ ಎಡಗೈ ನೋಡಿ ತಲೆಯಾಡಿಸಿದಳು.

"ಇವೆಲ್ಲ ತೆಗೀಬೇಕಮ್ಮ. ಮೊಣಕೈಯಿಂದ ಕೆಳಗೆ ಏನೂ ಇರೋ ಹಾಗಿಲ್ಲ. ಉಂಗುರ, ಗಡಿಯಾರ, ದಾರ... ಏನೂ."

"ಹನ್ನೊಂದು ವರ್ಷದ್ದು..." ಎಮೆಶೆಯ ದನಿ ಸಣ್ಣದಾಯಿತು.

"ಗೊತ್ತು. ಇಲ್ಲಿ ಕೆಲಸ ಮಾಡೋ ನಾವೂ ಅಷ್ಟೇ. ನನ್ನ ಮದುವೆ ಉಂಗುರ ಮನೇಲೇ ಇರುತ್ತೆ." ನರ್ಸ್ ಒಂದು ಪುಟ್ಟ ಕತ್ತರಿ ಕೊಟ್ಟಳು. ನಲ್ಲಿಯ ಹತ್ತಿರ ಹೋಗಿ ತೋರಿಸಿದಳು, "ಆಮೇಲೆ ಹೀಗೆ ತೊಳ್ಕೋಬೇಕು. ನೋಡ್ಕೊಳ್ಳಿ."

ಅಂಗೈ. ಮುಂಗೈ. ಬೆರಳ ಸಂದಿ. ಹೆಬ್ಬೆರಳು ಬೇರೆಯಾಗಿ. ಮೊಣಕೈವರೆಗೆ.

ಕೊನೆಗೆ ನಲ್ಲಿಯನ್ನು ಮೊಣಕೈಯಿಂದ ತಳ್ಳಿ ಮುಚ್ಚಿದಳು.

ಎಮೆಶೆ ಗೋಡೆಗೆ ಒರಗಿದಳು. ಸರೋವರದ ದಂಡೆ, ನೀರಿನ ಡ್ರಮ್ಮು, 'ಕ್ಷಮಿಸಿ ಅಜ್ಜಿ, ಅಭ್ಯಾಸ' ಎಂದ ನಗು, ಎಲ್ಲ ಒಟ್ಟಿಗೆ ಕಣ್ಣೆದುರು ಬಂತು. ಅವನ ಖಾಲಿ ಕೈ. ಡಬ್ಬದೊಳಗಿನ ಬೇಸಿಗೆಗಳು. ಈ ವಾರ ಚೆನ್ನಾಗಿರ್ಲಿಲ್ಲ ಎಂದ ಆ ಮುಖ...

ದೇವರೇ... ನಾನು ಅವನಿಗೆ ಏನಂದೆ?

ಅವಳು ಹನ್ನೊಂದನ್ನೂ ಕತ್ತರಿಸಿದಳು. ಒಂದನ್ನೂ ಬಿಸಾಡಲಿಲ್ಲ. ಪಟ್ಟಿಗಳಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಎಳೆಯದಾಗಿತ್ತು. ಆ ತೋಳಿನ ಮೇಲೆ ಮಗುವನ್ನು ಮಲಗಿಸಿ ಎದೆಗೊತ್ತಿಕೊಂಡಾಗ ಅದು ಒಂದು ಸಲ ಆಕಳಿಸಿ ನಿದ್ದೆ ಹೋಯಿತು.

ಭಾವ ಬಂದ ಮೇಲೆ ಎಮೆಶೆ ಗಾಡಿಗೆ ಮರಳಿದ್ದಳು. ಸೋಚಾ ನದಿಯ ದಂಡೆಯ ಶನಿವಾರ. ಬೆಟ್ಟದ ತುದಿಗೆ ಸೂರ್ಯ ಬಂದಿದ್ದ. ಗಾಡಿಯ ಮುಂದೆ ಸಾಲು ನದಿಯವರೆಗೆ ಇತ್ತು. ಎಮೆಶೆ ಮೂರನೇ ಸಲವೂ ಲಾಂಗೋಶನ್ನು ಬೇಯುವ ಮೊದಲೇ ಎಣ್ಣೆಯಿಂದ ತೆಗೆದಿಟ್ಟಳು.

ಅಜ್ಜಿ ಅವಳ ಏಪ್ರನ್ನಿನ ಗಂಟು ಹಿಂದಿನಿಂದ ಬಿಚ್ಚಿದಳು.

"ಅಜ್ಜಿ, ಸಾಲು—"

"ಹನ್ನೊಂದು ವರ್ಷ ನಿಂತಿರೋ ಸಾಲು ಇನ್ನೊಂದು ಗಂಟೆ ನಿಂತ್ಕೊಳ್ಳುತ್ತೆ. ಅಡುಗೆಮನೆ ಹುಡುಗಿ ಕಥೆ ನಿಂಗೆ ಹೇಳಿದ್ದು ಯಾಕೆ? ಗೋಡೆಗೆ ಕಿವಿ ಇಟ್ಕೊಂಡೇ ಇರ್ಲಿ ಅಂತಾನಾ? ಅವಳು ಕೊನೆಗೆ ಬಾಗಿಲು ತೆಗೀತಾಳೆ ಕಣೇ. ಹೋಗು."

ಎಮೆಶೆ ಓಡಿದಳು.

ಜನರ ನಡುವೆ ನುಗ್ಗಿ, ಕ್ಷಮೆ ಕೇಳುತ್ತ, ಯಾರದೋ ಪಾನೀಯ ಚೆಲ್ಲಿ, ಲಿಂಡೆನ್ ಮರ ತಲುಪಿ ತಲೆಯೆತ್ತಿದಳು. ವೇದಿಕೆ! ಇಷ್ಟು ಹತ್ತಿರ, ಇಷ್ಟು ದೊಡ್ಡದು. ಇಬ್ಬರು ಹೆಂಗಸರು ಪಿಟೀಲನ್ನು ಗಲ್ಲಕ್ಕಿಟ್ಟುಕೊಳ್ಳುತ್ತಿದ್ದರು. ಒಬ್ಬಳ ಲಂಗದ ಅಂಚು ಬಿಚ್ಚಿಹೋಗಿರುವುದೂ ಕಾಣುತ್ತಿತ್ತು.

ಆದರೆ ಮರದ ಕೆಳಗೆ ಆಬೆಲ್ ಇರಲಿಲ್ಲ.

ಮೊದಲ ಹಾಡು ಮುಗಿಯಿತು. ಎರಡನೆಯದೂ. ಅಂಥ ಮಾತು ಕೇಳಿಸಿಕೊಂಡವನು ಯಾಕೆ ಬರುತ್ತಾನೆ, ಎಂದುಕೊಂಡಳು. ಆದರೂ ಕಾಲು ಕದಲಲಿಲ್ಲ. ಮೂರನೆಯ ಹಾಡಿನ ನಡುವೆ ಅವಳ ಮೂಗಿಗೆ ಬೆಳ್ಳುಳ್ಳಿಯ ವಾಸನೆ ಬಡಿಯಿತು.

ತಿರುಗಿದಳು.

ಎರಡೂ ಕೈಯಲ್ಲಿ ಲಾಂಗೋಶ್ ಹಿಡಿದು ಆಬೆಲ್ ನಿಂತಿದ್ದ. ಏದುಸಿರು ಬಿಡುತ್ತಿದ್ದ.

"ನಾನು ನಿಮ್ಮ ಗಾಡಿ ಮುಂದೆ ಸಾಲಲ್ಲಿ ನಿಂತಿದ್ದೆ," ಎಂದ. "ನಾನೇನು ತಪ್ಪು ಮಾಡಿದೆ ಅಂತ ಕೇಳೋಕೆ. ಅಜ್ಜಿ ಇವೆರಡನ್ನ ಕೈಗಿಟ್ಟು, 'ಅವಳು ಅಲ್ಲಿ, ನೀನು ಇಲ್ಲಿ, ಇಬ್ಬರಿಗೂ ಬುದ್ಧಿ ಇಲ್ಲ' ಅಂತ ಬೈದು ಓಡಿಸಿದ್ರು."

ಅವಳಿಗೆ ನಗು ಬಂತು, ಅಳುವೂ ಬಂತು. ಮಾತಿನ ಬದಲು ಎಡಗೈ ಮುಂದೆ ಚಾಚಿದಳು.

ಅವನು ಬೆಳ್ಳಗಿನ ಗುರುತುಗಳನ್ನು ನೋಡಿದ. "ನಿಮ್ಮ ಪಟ್ಟಿಗಳು..."

"ಕತ್ತರಿಸಿದೆ. ಎರಡು ಕಿಲೋ ಕೂಡ ಇಲ್ಲದ ಒಬ್ಬಳನ್ನ ಎತ್ಕೋಬೇಕಿತ್ತು. ನಮ್ಮ ಅಕ್ಕನ ಮಗಳು."

ಅವನ ಕಣ್ಣು ತಟ್ಟನೆ ತುಂಬಿತು. "ಹೇಗಿದಾಳೆ?"

"ಕುಡೀತಾಳೆ. ಬೆರಳು ಹಿಡಿದ್ರೆ ಬಿಡಲ್ಲ." ಎಮೆಶೆ ಉಸಿರು ಎಳೆದುಕೊಂಡಳು. "ಆ ವಾರ ನಿನಗೆ ಏನಾಗಿತ್ತು ಆಬೆಲ್?"

ನೀವು ಎಂಬುದು ಎಲ್ಲಿ ಬಿದ್ದುಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ.

"ನಮ್ಮ ವಾರ್ಡಲ್ಲಿ ಒಂದು ಮಗು ಉಳೀಲಿಲ್ಲ," ಅವನು ಹೇಳಿದ. "ಒಂಬತ್ತು ದಿನ ನಾನೇ ನೋಡ್ಕೊಂಡಿದ್ದೆ."

ಅವಳು ಅವನ ತೋಳು ಹಿಡಿದಳು. ಪಿಟೀಲು ಮೆಲ್ಲಗೆ ನುಡಿಯುತ್ತಿತ್ತು.

"ನನ್ನ ಕ್ಷಮಿಸ್ತೀಯಾ? ಖಾಲಿ ಕೈ ನೋಡಿ ಏನೇನೋ ಅಂದ್ಕೊಂಡೆ. ಸುಳ್ಳು ಹೇಳಿದ್ದು ನಾನು. ನಾನು ಒಂದು ಹಾಡನ್ನೂ ನೋಡಿಲ್ಲ. ಹನ್ನೊಂದು ವರ್ಷ ಬರೀ ಜನರ ಬೆನ್ನು ನೋಡಿದೀನಿ. ಇವತ್ತೇ ಮೊದಲು."

"ಗೊತ್ತಿತ್ತು."

"ಹೇಗೆ?"

"ನಿನ್ನ ಪಟ್ಟಿಗಳೆಲ್ಲ ಹಸಿರು. ಎಲ್ಲ ಕಡೆ ನೋಡಿದೀನಿ, ಹಸಿರು ಅಡುಗೆಯವರದ್ದು. ಗಾಡಿ ಬಿಟ್ಟು ಅಲ್ಲಾಡೋಕಾಗದವರದ್ದು." ಅವನು ಮೆಲ್ಲಗೆ ನಕ್ಕ. "ಅದಕ್ಕೇ ಈ ಮರ ತೋರಿಸಿದ್ದು. ಮೊದಲನೇ ಸಲ ನೋಡುವಾಗ ಪಕ್ಕದಲ್ಲಿರ್ಬೇಕು ಅನ್ನಿಸ್ತು. ಆಗಲೇ ಮನಸ್ಸು ನಿನ್ನ ಹತ್ರ ಹೋಗಿತ್ತು ಎಮೆಶೆ."

"ನನ್ನದು ಅದಕ್ಕೂ ಮುಂಚೆ. ನೀನು ಓಡದೇ ನಿಂತೆಯಲ್ಲ... ಆಗಲೇ."

ಸೂರ್ಯ ಬೆಟ್ಟದ ಹಿಂದೆ ಸರಿದ. ಇಬ್ಬರೂ ತಣ್ಣಗಾದ ಲಾಂಗೋಶ್ ತಿನ್ನುತ್ತ, ಭುಜಕ್ಕೆ ಭುಜ ತಾಗಿಸಿ ನಿಂತರು. ಅವಳು ಅವನ ಮಣಿಕಟ್ಟಿನ ಹೊಸ ಪಟ್ಟಿಯನ್ನು ಬೆರಳಿನಿಂದ ಸವರಿದಳು.

"ಸೋಮವಾರ ಇದನ್ನೂ ಕತ್ತರಿಸ್ತೀಯಾ?"

"ಕತ್ತರಿಸ್ಲೇಬೇಕು."

"ಹಾಗಾದ್ರೆ ಕತ್ತರಿ ನಂಗೆ ಕೊಡು. ನಾನೇ ಕತ್ತರಿಸ್ತೀನಿ. ಆದ್ರೆ ತುಂಬಾ ನಿಧಾನಕ್ಕೆ."

"ಯಾಕೆ ನಿಧಾನಕ್ಕೆ?"

"ಅಷ್ಟು ಹೊತ್ತು ಕೈ ಹಿಡ್ಕೊಂಡಿರಬಹುದಲ್ಲ."